ಗೊತ್ತಿಲ್ಲ ಎಂದರೆ ಅರ್ಧ ಮಾರ್ಕು

ಜೂನ್ ೮, ಭಾನುವಾರ

ಕಪ್ಪೆ ಕೊನೆಗೂ ನನ್ನನ್ನು ಒಳಗೆ ಎಳೆದುಕೊಂಡ. ಕಪ್ಪೆ ಎಂದರೆ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ದನಿ ಆಗಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ. ನಮ್ಮ ಶಾಲೆಯಲ್ಲಿ ಓದಿದವರು ಕೆಲವರು ಭಾನುವಾರ ಸಂಜೆ ಆನ್‌ಲೈನಿನಲ್ಲಿ ಸೇರಿ ರಸಪ್ರಶ್ನೆ ಆಡುತ್ತಾರೆ. ಗುಂಪಿನ ಹೆಸರು ‘ಬುರುಡೆ’. ಬಹುಮಾನ ಏನೂ ಇಲ್ಲ, ಚಹಾ ಕೂಡ ಅವರವರ ಮನೆಯದೇ.

ನಿಯಮಗಳನ್ನು ಕಪ್ಪೆ ಫೋನಿನಲ್ಲಿ ಹೇಳಿದ. ನಿಜವಾದ ಹೆಸರು ಹಾಕುವಂತಿಲ್ಲ, ಯಾರು ಎಲ್ಲಿದ್ದಾರೆ ಎಂದು ಕೇಳುವಂತಿಲ್ಲ. “ಶಾಲೇಲಿ ಹೆಸ್ರು ಕೂಗಿ ಕೂಗಿ ಮಾನ ಕಳ್ದಿದ್ದು ಸಾಲ್ದಾ ಮಾರಾಯ” ಎಂದ. ಪ್ರಶ್ನೆಗೆ ಎರಡು ನಿಮಿಷ. ಬರೆದದ್ದು ಮುಚ್ಚಿರುತ್ತದೆ, ಸಮಯ ಮುಗಿದ ಮೇಲೆ ಎಲ್ಲರ ಉತ್ತರವೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ಸರಿಯಾದರೆ ಒಂದು ಮಾರ್ಕು, ತಪ್ಪಾದರೆ ಸೊನ್ನೆ. ‘ಗೊತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದರೆ ಅರ್ಧ ಮಾರ್ಕು. ಕದ್ದು ಹುಡುಕಿ ನೋಡುವವರ ಚಟ ಬಿಡಿಸಲು ಮಾಡಿದ ನಿಯಮವಂತೆ. ಕೊನೆಗೆ ಯಾರು ಎಲ್ಲರಿಗಿಂತ ಹಿಂದೆ ಉಳಿಯುತ್ತಾರೋ ಅವರು ಮುಂದಿನ ವಾರ ಪ್ರಶ್ನೆ ಕೇಳಬೇಕು. ಅದೇ ಶಿಕ್ಷೆ.

ನನಗೆ ರಸಪ್ರಶ್ನೆ ಬೇಕಿರಲಿಲ್ಲ. ಇದನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಲಾರೆ. ತಂಗಿ ಗುಬ್ಬಿಯೂ ಅದೇ ಶಾಲೆಯವಳು, ರಸಪ್ರಶ್ನೆ ಎಂದರೆ ಊಟ ಬಿಟ್ಟು ಓಡುತ್ತಿದ್ದವಳು. ಗುಂಪಿನ ಸುದ್ದಿ ಕೇಳಿದ ಕ್ಷಣವೇ ಅವಳು ಅಲ್ಲಿರಬಹುದು ಎನ್ನಿಸಿತು. ಇಪ್ಪತ್ತು ವರ್ಷದ ಮೇಲಾಯಿತು ಅವಳ ದನಿ ಕೇಳಿ. ನೇರವಾಗಿ ಕೇಳಿಬಿಡಬಹುದು, ಆದರೆ ಕೇಳಿದರೆ ಓಡಿಹೋಗುತ್ತಾಳೆ. ಹಿಂದೊಮ್ಮೆ ಅವಳ ಗೆಳತಿಯ ಮೂಲಕ ಹುಡುಕಿದಾಗ ಹಾಗೇ ಆಗಿತ್ತು. ನಂಬರು ಸಿಕ್ಕಿದ ವಾರದಲ್ಲೇ ಬದಲಾಗಿತ್ತು. ಈ ಸಲ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ನನ್ನ ಹೆಸರು ‘ದವಡೆ’. ಹಲ್ಲುಸೆಟ್ಟು ಮಾಡುವವನಿಗೆ ಇನ್ನೇನು ಹೊಳೆಯುತ್ತದೆ?

ಇವತ್ತು ಹತ್ತು ಪ್ರಶ್ನೆಯಲ್ಲಿ ನನ್ನದು ಆರು ‘ಗೊತ್ತಿಲ್ಲ’. ಒಟ್ಟಾರೆ ಮಧ್ಯದ ಸ್ಥಾನ.


ಜೂನ್ ೧೦, ಮಂಗಳವಾರ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪನ ಪ್ರಶ್ನೆ ಶುರುವಾಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಳಗಿನ ಸಿಗ್ನಲ್ಲನ್ನು ನೋಡುವುದೇ ಈಗ ಅಪ್ಪನ ಕೆಲಸ. ಗಾಡಿ ಹತ್ತಿರ ಬಂದರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಮರೆವು ಎಲ್ಲವನ್ನೂ ತಿಂದರೂ ಆ ಬ್ರೇಕೊಂದನ್ನು ಬಿಟ್ಟಿದೆ.

“ಆ ದೀಪ ಕೆಂಪಗೆ ಯಾಕಿದೆ?”

“ಗಾಡಿ ನಿಲ್ಸೋಕೆ.”

“ಅದು ಗೊತ್ತು. ಕೆಂಪೇ ಯಾಕೆ?”

“ಗೊತ್ತಿಲ್ಲ ಅಪ್ಪಾ. ಹೊತ್ತಾಯ್ತು.”

“ನಂಗೂ ಗೊತ್ತಿಲ್ಲ” ಎಂದು ಸಮಾಧಾನ ಹೇಳುವವನಂತೆ ಹೇಳಿದ. ಕೆಳಗಿನ ಮನೆಯ ಟೈಲರಮ್ಮನಿಗೆ ಕೀ ಕೊಟ್ಟು ಹೊರಟೆ. ದಿನಕ್ಕೆ ಎರಡು ಸಲ ಅವರೇ ಹತ್ತಿ ಬಂದು ನೋಡಿ ಹೋಗುತ್ತಾರೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದೇ ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದಾಗ ಅವನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಬಿದ್ದದ್ದೇ ಇಲ್ಲ. ಹಿಂದಿನ ಸೀಟಿನಿಂದ ಯಾವ ಮಗು ಏನು ಕೇಳಿದರೂ ಗೇರು ಬದಲಿಸುವಷ್ಟರಲ್ಲಿ ಉತ್ತರ ಸಿದ್ಧ. ಎಲ್ಲವೂ ಬುರುಡೆ. ಜಿರಾಫೆಯ ಕತ್ತಿನಲ್ಲಿ ಐವತ್ತೆರಡು ಮೂಳೆ, ವಾರಕ್ಕೊಂದರಂತೆ. ನಾವಿಬ್ಬರು ಅದನ್ನೇ ಪಾಠವೆಂದು ನಂಬಿ ಬೆಳೆದೆವು. ಅಮ್ಮ ಬೇಗ ಹೋಗಿದ್ದಳು, ತಿದ್ದುವವರು ಮನೆಯಲ್ಲಿ ಇನ್ನು ಯಾರಿದ್ದರು?

ತಂಗಿಗೆ ಮೇಡಂ ಆಗುವ ಆಸೆ. ಟೀಚರ್ ಟ್ರೇನಿಂಗಿನ ಸಂದರ್ಶನಕ್ಕೆ ಹೋದಳು. ಅಲ್ಲಿ ಇಡೀ ಜಗತ್ತಿನ ಪ್ರಶ್ನೆಗಳನ್ನೆಲ್ಲ ಬಿಟ್ಟು ಜಿರಾಫೆಯ ಕತ್ತನ್ನೇ ಕೇಳಬೇಕೇ? ಇವಳು ಎದೆಯುಬ್ಬಿಸಿ ಐವತ್ತೆರಡು ಎಂದಳು, ವಾರಕ್ಕೊಂದು ಎಂದು ವಿವರವನ್ನೂ ಕೊಟ್ಟಳು. ಮೇಜಿನ ಆಚೆ ಕೂತಿದ್ದ ಮೂವರೂ ಬಿದ್ದು ಬಿದ್ದು ನಕ್ಕರಂತೆ. “ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ?” ಎಂದು ಒಬ್ಬರು ಕೇಳಿದರಂತೆ. ಇವಳು “ನಮ್ಮಪ್ಪ” ಎಂದಳು. ಮತ್ತೆ ನಕ್ಕರಂತೆ.

ಆ ಸಂಜೆ ಅವಳು ಊಟಕ್ಕೆ ಕೂತು ಹೇಳಿದ್ದು ಒಂದೇ ಮಾತು. “ನೀನು ಒಂದೇ ಒಂದ್ಸಲ ಗೊತ್ತಿಲ್ಲ ಅಂದಿದ್ರೆ ಸಾಕಿತ್ತಪ್ಪ.” ಮುಂದಿನ ತಿಂಗಳೇ ಎಲ್ಲೋ ಕೆಲಸ ಹುಡುಕಿಕೊಂಡು ಹೋದಳು. ಮೊದಮೊದಲು ಫೋನು ಬರುತ್ತಿತ್ತು. ಅಪ್ಪ ಎತ್ತುತ್ತಿರಲಿಲ್ಲ, ನಾಚಿಕೆಯಿಂದ. ಅವಳು ಅದನ್ನು ಕೋಪವೆಂದುಕೊಂಡಳು. ಆಮೇಲೆ ಅದೂ ನಿಂತಿತು. ಅಂದಿನಿಂದ ಅಪ್ಪನನ್ನು ಏನು ಕೇಳಿದರೂ ಉತ್ತರ ಒಂದೇ, ‘ಗೊತ್ತಿಲ್ಲ’. ವ್ಯಾನಿನ ಮಕ್ಕಳಿಗೂ ಅದೇ ಹೇಳಿದ. ಕೊನೆಗೆ ವ್ಯಾನನ್ನೇ ಮಾರಿದ.


ಜೂನ್ ೧೫, ಭಾನುವಾರ

ಹತ್ತರಲ್ಲಿ ಎಂಟು ‘ಗೊತ್ತಿಲ್ಲ’. ಎರಡಕ್ಕೆ ಸರಿಯುತ್ತರ, ಎರಡೂ ಹಲ್ಲಿನ ವಿಷಯ. ಗುಂಪಿನಲ್ಲಿ ನನ್ನಂಥ ಇನ್ನೊಂದು ಪ್ರಾಣಿ ಇದೆ. ಹೆಸರು ‘ಮೂರನೇ ಮಹಡಿ’. ಹರಟೆಯಿಲ್ಲ, ನಗುವಿಲ್ಲ, ಖಚಿತವಿದ್ದರೆ ಉತ್ತರ, ಇಲ್ಲದಿದ್ದರೆ ಅರ್ಧ ಮಾರ್ಕು ಜೇಬಿಗೆ. ಯಾರೋ ನಿವೃತ್ತ ಲೆಕ್ಕಿಗರಿರಬೇಕು. ಕಪ್ಪೆ ನಮ್ಮಿಬ್ಬರಿಗೂ ‘ಅರ್ಧ ಮಾರ್ಕಿನ ಜೋಡಿ’ ಎಂದು ಹೆಸರಿಟ್ಟ. ಎಲ್ಲರೂ ನಕ್ಕರು. 

ಆ ಲೆಕ್ಕಿಗರ ಜೊತೆ ನನ್ನನ್ನು ಸೇರಿಸಿದ್ದು ನನಗೆ ಹಿಡಿಸಲಿಲ್ಲ. ನನ್ನದು ಎಚ್ಚರಿಕೆ, ಅವರದು ಜಿಪುಣತನ.

ಎಲ್ಲರ ಮಾತುಗಳನ್ನೂ ಮೇಲಿಂದ ಕೆಳಗೆ ಓದಿದೆ. ಯಾರ ಮಾತಿನಲ್ಲೂ ಅವಳಿಲ್ಲ.


ಜೂನ್ ೨೯, ಭಾನುವಾರ

ಇವತ್ತಿನ ಮಾರ್ಕು ಎಷ್ಟೆಂದು ಗೊತ್ತಿಲ್ಲ.

ಐದನೇ ಪ್ರಶ್ನೆ: ಜಿರಾಫೆಯ ಕತ್ತಿನಲ್ಲಿ ಎಷ್ಟು ಮೂಳೆಗಳಿವೆ?

ಅಪ್ಪ ಪಕ್ಕದಲ್ಲೇ ಕೂತಿದ್ದ. ಉತ್ತರ ಏಳು. ಮನುಷ್ಯನ ಕತ್ತಿನಲ್ಲಿರುವಷ್ಟೇ. ತಂಗಿ ಸಂದರ್ಶನದಿಂದ ಬಂದ ದಿನವೇ ನನಗೆ ಗೊತ್ತಾಗಿತ್ತು, ಸಾಯುವ ತನಕ ಮರೆಯುವುದಿಲ್ಲ. ಆದರೂ ಅಪ್ಪನ ಪಕ್ಕ ಕೂತು ‘ಏಳು’ ಎಂದು ಬರೆಯಲು ಬೆರಳು ಒಪ್ಪಲಿಲ್ಲ. ‘ಗೊತ್ತಿಲ್ಲ’ ಎಂದು ಹಾಕಿದೆ.

ಉತ್ತರಗಳು ತೆರೆದವು. ಏಳು, ಏಳು, ಇಪ್ಪತ್ತು, ಏಳು. ಮೂರನೇ ಮಹಡಿಯದು ಎಂದಿನಂತೆ ‘ಗೊತ್ತಿಲ್ಲ’. ಅದರ ಕೆಳಗೆ ‘ಕೊಡೆ’ ಎಂಬ ಹೆಸರಿನವರು ಬರೆದಿದ್ದರು: “ಐವತ್ತೆರಡು. ವಾರಕ್ಕೊಂದು.”

ಗುಂಪು ನಗುವಿನಲ್ಲಿ ಮುಳುಗಿತು. ನಾನು ಫೋನನ್ನು ಮಡಿಲಿಗೆ ಹಾಕಿಕೊಂಡು ಕೂತೆ. ಇನ್ನುಳಿದ ಪ್ರಶ್ನೆಗಳು ಏನಿದ್ದವೋ ನೋಡಲಿಲ್ಲ. “ಏನಾಯ್ತೋ?” ಎಂದು ಅಪ್ಪ ಕೇಳಿದ. ಮಾತು ಬಾಯಿಗೆ ಬಂತು, ತಡೆದೆ. ಆಸೆ ಹುಟ್ಟಿಸಿ ಸುಳ್ಳಾದರೆ ಆ ಜೀವ ತಡೆದೀತೆ? ತಡೆಯದಿರುವುದು ನನ್ನ ಜೀವವೇ ಇರಬಹುದು.

ಗುಬ್ಬಿ, ನೀನಾ ಅದು?


ಜುಲೈ ೧, ಮಂಗಳವಾರ

ಕೊಡೆಯವರು ಈವರೆಗೆ ಬರೆದದ್ದನ್ನೆಲ್ಲ ಓದಿ ಮುಗಿಸಿದೆ. ಒಮ್ಮೆ “ನಂಗೆ ಯಾವಾಗ್ಲೂ ಕಿಟಕಿ ಸೀಟು ಬೇಕು” ಎಂದಿದ್ದಾರೆ. ತಂಗಿಗೂ ಹಾಗೇ. ಇನ್ನೊಮ್ಮೆ, ಬೆಕ್ಕು ಕಂಡರೆ ಆಗದು ಎಂದಿದ್ದಾರೆ. ತಂಗಿಗೆ ಬೆಕ್ಕೆಂದರೆ ಪ್ರಾಣವಾಗಿತ್ತು, ಆದರೆ ಇಷ್ಟು ವರ್ಷದಲ್ಲಿ ಯಾವುದಾದರೂ ಬೆಕ್ಕು ಪರಚಿರಬಹುದು. ಕ್ರಿಕೆಟ್ಟಿನ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟಿದ್ದಾರೆ. ಕಲಿತಿರಬಹುದು, ಕಲಿಯಬಾರದೆಂದು ಕಾನೂನೇನಿದೆ.

ಇವತ್ತು ಲ್ಯಾಬಿನಲ್ಲಿ ಒಂದು ಮೇಲಿನ ಸೆಟ್ಟು ಹಾಳು ಮಾಡಿದೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಮುಂದಿನ ಎರಡು ಹಲ್ಲುಗಳ ಸಂದು ಮೂಗಿನ ನೇರಕ್ಕೆ ಬರಬೇಕು. ನನ್ನದು ಕೆನ್ನೆಯ ಕಡೆಗೆ ಹೊರಟಿತ್ತು. ಪ್ಲಾಸ್ಟರ್ ಅಚ್ಚು ಹಾಕುವ ಹುಡುಗಿ ಅದನ್ನು ಎತ್ತಿ ಹಿಡಿದು ನೋಡಿದಳು.

“ಅಣ್ಣಾ, ಇವ್ರು ಪಕ್ಕದ ಮನೆಯವ್ರನ್ನ ನೋಡ್ಕೊಂಡು ನಗ್ಬೇಕಾ?”

ಮೇಣ ಕರಗಿಸಿ ಮೊದಲಿನಿಂದ ಶುರು ಮಾಡಿದೆ. ಅವಳು ದಿನಕ್ಕೆ ಹತ್ತು ಸಲ ಅಣ್ಣಾ ಎನ್ನುತ್ತಾಳೆ. ಇವತ್ತೇ ಅದು ಕಿವಿಗೆ ಬಿದ್ದದ್ದು. ನನ್ನನ್ನು ಹಾಗೆ ಕರೆಯಬೇಕಾದವಳ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಾತು ನೆನಪಾಗುತ್ತದೆ, ದನಿ ಬರುವುದಿಲ್ಲ. ಅದಕ್ಕೆ ಅಳು ಬಂತು. ಮೇಣದ ಹೊಗೆ ಎಂದೆ.


ಜುಲೈ ೬, ಭಾನುವಾರ

ಕೊಡೆ ಬರಲಿಲ್ಲ.

ಕೊನೆಯ ಪ್ರಶ್ನೆಯವರೆಗೂ ಕಾದೆ.


ಜುಲೈ ೮, ಮಂಗಳವಾರ

ಇಷ್ಟು ದಿನ ಹೊಳೆಯದೇ ಇದ್ದದ್ದು ಇವತ್ತು ಬಸ್ಸಿನಲ್ಲಿ ಹೊಳೆಯಿತು. ಮುಂದಿನ ಸೀಟಿನಲ್ಲಿ ಯೂನಿಫಾರ್ಮಿನ ಮಕ್ಕಳು ಕಿರುಚುತ್ತಿದ್ದವು. ಜಿರಾಫೆಯ ಕಥೆಯನ್ನು ಅಪ್ಪ ಮನೆಯಲ್ಲಿ ಮಾತ್ರವೇ ಹೇಳಿದ್ದು? ವ್ಯಾನು ತುಂಬ ಮಕ್ಕಳಿದ್ದವು. ಪ್ರತಿ ವರ್ಷ ಹೊಸ ಮಕ್ಕಳು ಬೇರೆ. ಅವರಲ್ಲಿ ಯಾರು ಬೇಕಾದರೂ ಕೊಡೆಯಾಗಿರಬಹುದು.

ಮನೆಗೆ ಬಂದು ಹಾಲು ಕಾಯಿಸಿ ಅಪ್ಪನಿಗೆ ಲೋಟದಲ್ಲಿ ಕೊಟ್ಟೆ. ಆರಿದ ಮೇಲೆ ಕೆನೆ ಕಟ್ಟಿತು. ಬೆರಳಿನಿಂದ ಅದನ್ನು ಎತ್ತಿ ಪಕ್ಕಕ್ಕಿಟ್ಟು ಅಪ್ಪ ಕೇಳಿದ:

“ಇದ್ಯಾಕೆ ಹೀಗಾಗತ್ತೆ?”

ನಾನು ಲೋಟವನ್ನೇ ನೋಡುತ್ತ ನಿಂತೆ. ಅಮ್ಮ ಹೋದ ಮೇಲೆ ಸಂಜೆ ಹಾಲು ಕಾಯಿಸಿ ಕೊಡುತ್ತಿದ್ದದ್ದು ಅಪ್ಪನೇ. ಕೆನೆ ಕಂಡರೆ ತಂಗಿಗೆ ವಾಕರಿಕೆ. ಕುಡಿಯುವುದಿಲ್ಲ ಎಂದು ಹಟ ಹಿಡಿದಾಗ ಅಪ್ಪ ಹೇಳಿದ್ದ: “ಹಾಲಿಗೆ ಚಳಿ ಆಗತ್ತೆ ಗುಬ್ಬೀ. ಅದಕ್ಕೆ ಹೊದ್ಕೊಳತ್ತೆ. ಹೊದಿಕೆ ತೆಗ್ದು ಎಬ್ಬಿಸಿ ಕುಡಿ.” ಇದು ವ್ಯಾನಿನ ಮಾತಲ್ಲ. ನಮ್ಮ ಅಡುಗೆಮನೆಯ ಮಾತು. ಇದನ್ನು ಬಲ್ಲವರು ಈ ಭೂಮಿಯ ಮೇಲೆ ಮೂವರು, ಅವರಲ್ಲಿ ಒಬ್ಬ ಮರೆತಿದ್ದಾನೆ.

ಇದನ್ನು ಗುಂಪಿನಲ್ಲಿ ಕೇಳಬೇಕು. ಹೊರಗಿನವರಿಗೆ ಬರೀ ವಿಜ್ಞಾನದ ಪ್ರಶ್ನೆ. ಕೊಡೆ ಅವಳೇ ಆಗಿದ್ದರೆ ಏನು ಬರೆಯಬೇಕೋ ಅದನ್ನು ಬರೆಯುತ್ತಾಳೆ. ಬರೆಯಲು ಮನಸ್ಸಿಲ್ಲದಿದ್ದರೆ ಬಿಡುತ್ತಾಳೆ. ಅವಳಿಗೇ ಬಿಟ್ಟದ್ದು.

ಕೇಳಬೇಕಾದರೆ ನಾನು ಕೊನೆಯ ಸ್ಥಾನಕ್ಕೆ ಬರಬೇಕು. ಈ ಅರ್ಧ ಮಾರ್ಕುಗಳು ನನ್ನನ್ನು ಮಧ್ಯದಲ್ಲೇ ತೇಲಿಸಿಡುತ್ತವೆ.


ಜುಲೈ ೧೩, ಭಾನುವಾರ

ಕೊನೆಯ ಸ್ಥಾನಕ್ಕೆ ಬರುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಗುಂಪಿನಲ್ಲಿ ಅದಕ್ಕೆ ಹುಟ್ಟುಪ್ರತಿಭೆಗಳಿದ್ದಾರೆ. ಅವರನ್ನು ಹಿಂದೆ ಹಾಕಲು ಒಂದೇ ಒಂದು ‘ಗೊತ್ತಿಲ್ಲ’ವನ್ನೂ ಬರೆಯುವಂತಿರಲಿಲ್ಲ. ಎಲ್ಲಕ್ಕೂ ತಪ್ಪು ಉತ್ತರವೇ ಬೇಕು. ಅಪ್ಪನ ಹಳೆಯ ಬುರುಡೆಗಳನ್ನು ಬಳಸುವಂತೆಯೂ ಇರಲಿಲ್ಲ, ನನ್ನ ಗುರುತು ಸಿಕ್ಕಿಬಿಡುತ್ತದೆ. ಎಲ್ಲವನ್ನೂ ಹೊಸದಾಗಿ ಹೊಸೆಯಬೇಕಾಯಿತು.

ಪಿಯಾನೋದಲ್ಲಿ ಎಷ್ಟು ಕೀಗಳು? “ಮೂವತ್ತೆರಡು. ಅವೂ ಹಲ್ಲುಗಳೇ ತಾನೆ” ಎಂದು ಬರೆದೆ. ಒಂಟೆಯ ಡುಬ್ಬದಲ್ಲಿ ಏನಿದೆ? “ಗಾಳಿ. ದೂರದ ದಾರಿಗೆ ಸ್ಟೆಪ್ನಿ.” ಮೊದಲನೆಯದನ್ನು ಬರೆಯಲು ಎರಡು ನಿಮಿಷವೂ ಹಿಡಿಯಿತು. ಏಳನೆಯದರ ಹೊತ್ತಿಗೆ ಪ್ರಶ್ನೆ ಪೂರ್ತಿ ಓದುವ ಮೊದಲೇ ಉತ್ತರ ಬರುತ್ತಿತ್ತು. ಅಪ್ಪನಿಗೂ ಓದಿ ಹೇಳಿದೆ. ಒಂಟೆಗೆ ಅವನು ತಲೆಯಾಡಿಸಿ, “ಸ್ಟೆಪ್ನಿ ಇಲ್ದೆ ಹೋಗ್ಬಾರ್ದು” ಎಂದ.

ಕಪ್ಪೆಯಂತೂ ಕುಣಿದ. “ದವಡೆಗೆ ಹಲ್ಲು ಬಂತು” ಎಂದು ಬರೆದ. ಮೂರನೇ ಮಹಡಿಯವರು ಸಹ ಮೊತ್ತಮೊದಲ ಬಾರಿಗೆ ಬಾಯಿ ಬಿಟ್ಟರು: “ದವಡೆಯವರು ಮೊದಲು ವ್ಯಾನು ಓಡಿಸುತ್ತಿದ್ದರಾ?” ಸ್ಟೆಪ್ನಿ ಎಂದದ್ದಕ್ಕೆ ಗೇಲಿ ಇರಬೇಕು. “ಇಲ್ಲ, ನಾನು ಹಲ್ಲಿನವನು” ಎಂದು ಚುಟುಕಾಗಿ ಉತ್ತರಿಸಿದೆ.

ಹತ್ತಕ್ಕೆ ಸೊನ್ನೆ. ಮುಂದಿನ ವಾರದ ಪ್ರಶ್ನೆಗಳು ನನ್ನವು. ಬಾಳಿನಲ್ಲಿ ಸೊನ್ನೆಗೆ ಇಷ್ಟು ಖುಷಿಪಟ್ಟದ್ದಿಲ್ಲ.


ಜುಲೈ ೧೭, ಗುರುವಾರ

“ಆ ದೀಪ ಕೆಂಪಗೆ ಯಾಕಿದೆ?”

“ಎಲ್ರೂ ಅದ್ರ ಮುಖಕ್ಕೇ ಹಾರ್ನ್ ಹೊಡೀತಾರಲ್ಲಪ್ಪ. ಸಿಟ್ಟು ಬರತ್ತೆ.”

“ಹಸಿರು?”

“ಅದು ಹೊಟ್ಟೆಕಿಚ್ಚು. ಎಲ್ರೂ ಎಲ್ಲಿಗೋ ಹೋಗ್ತಾರೆ, ತಾನೊಂದೇ ಅಲ್ಲಿ ನಿಂತಿರ್ಬೇಕು.”

ಅಪ್ಪ ತುಂಬ ಹೊತ್ತು ಸಿಗ್ನಲ್ಲನ್ನೇ ನೋಡಿದ. ಆಮೇಲೆ “ಪಾಪ” ಎಂದ. ನನಗೆ ಬಸ್ಸು ತಪ್ಪಿತು.

ಒಂಬತ್ತು ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ, ಯಾವುದೋ ನದಿ, ಯಾವುದೋ ರಾಜಧಾನಿ. ಹತ್ತನೆಯದು ಹಾಲು. ಅವಳು ಬೇಕು ನನಗೆ. ಅಪ್ಪನಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಅಪ್ಪನಿಗೆ ಅವಳ ಹೆಸರೂ ನೆನಪಿಲ್ಲ. ನೆನಪಿರುವುದು ನನಗೆ. ಹಸಿದು ಕೂತಿರುವುದೂ ನಾನೇ.


ಜುಲೈ ೨೦, ಭಾನುವಾರ

ಕೊಡೆ ಬಂದಿದ್ದರು.

ಒಂಬತ್ತು ಪ್ರಶ್ನೆಗಳು ಹೇಗೋ ದಾಟಿದವು. ಹತ್ತನೆಯದನ್ನು ಹಾಕಿದೆ: “ಬಿಸಿ ಹಾಲು ಆರುವಾಗ ಮೇಲೆ ಕೆನೆ ಕಟ್ಟುವುದು ಏಕೆ?” ಪ್ರಶ್ನೆ ಕೇಳುವವನಿಗೂ ಉತ್ತರಗಳು ಕಾಣುವುದಿಲ್ಲ, ಯಾರು ಬರೆದು ಮುಗಿಸಿದರು ಎಂಬುದಷ್ಟೇ ತೋರುತ್ತದೆ. ಕೊಡೆ ಎಲ್ಲರಿಗಿಂತ ಮೊದಲು ಮುಗಿಸಿದರು. ಒಬ್ಬೊಬ್ಬರೇ ಮುಗಿಸಿದರು. ಮೂರನೇ ಮಹಡಿಯೊಂದು ಉಳಿಯಿತು. ‘ಗೊತ್ತಿಲ್ಲ’ ಎಂದು ಬರೆಯಲು ಇಷ್ಟು ಹೊತ್ತೇ ಎಂದು ಬೈದುಕೊಂಡೆ.

ಸಮಯ ಮುಗಿಯಿತು, ಉತ್ತರಗಳು ತೆರೆದವು.

ಕೊಡೆ: “ಗೊತ್ತಿಲ್ಲ.”

ಇನ್ನೇನೂ ನೋಡುವುದು ಬೇಡ ಎನ್ನಿಸಿತು. ಕುರ್ಚಿಯಿಂದ ಎದ್ದೆ. ಕಪ್ಪೆ, “ಏನಪ್ಪಾ ದವಡೆ, ಮಾರ್ಕು ಯಾರು ಹಾಕ್ತಾರೆ?” ಎಂದು ಎರಡೆರಡು ಸಲ ಕೂಗು ಹಾಕಿದ್ದಕ್ಕೆ ಮತ್ತೆ ಕೂತು ಮೇಲಿನಿಂದ ಓದುತ್ತ ಬಂದೆ. ನೀರು ಆವಿಯಾಗಿ ಪ್ರೋಟೀನು, ಕೊಬ್ಬು ಮೇಲೆ ಗಟ್ಟಿಯಾಗುತ್ತದೆ, ಇವರಿಗೆ ಒಂದು. ಗೊತ್ತಿಲ್ಲ, ಅರ್ಧ. ಹಾಲಿನವನು ನೀರು ಹಾಕದಿದ್ದರೆ ಕಟ್ಟುತ್ತದೆ, ಸೊನ್ನೆ. ಕಟ್ಟಕಡೆಗೆ ಮೂರನೇ ಮಹಡಿ:

“ಚಳಿಯಾಗುತ್ತದೆ. ಹೊದ್ದುಕೊಳ್ಳುತ್ತದೆ.”

ಎಷ್ಟು ಸಲ ಓದಿದೆನೋ. ಅಕ್ಷರಗಳು ಅಲ್ಲೇ ಇದ್ದವು.

ಗುಂಪಿನಲ್ಲಿ ಯಾರ್ಯಾರೋ ನಗುತ್ತಿದ್ದರು, ಅರ್ಧ ಮಾರ್ಕಿನವರು ಇವತ್ತು ಸೊನ್ನೆಗೆ ಬಂದರು ಎಂದು. ಅಷ್ಟರಲ್ಲಿ ಕೊಡೆ ಬರೆದರು: “ಇದು ನಮ್ಮ ವ್ಯಾನ್ ಮಾಮ ಹೇಳೋ ಥರಾನೇ ಇದೆ. ಜಿರಾಫೆಗೆ ಐವತ್ತೆರಡು ಮೂಳೆ ಅಂತ ಹೇಳಿದ್ದು ಅವ್ರೇ. ನಾನು ಮೂರನೇ ಸೀಟಿನ ಹುಡುಗ, ದಿನಾ ವಾಂತಿ ಮಾಡ್ಕೋತಿದ್ದೆ. ಮಾಮ ಕಥೆ ಶುರು ಮಾಡಿದ್ರೆ ವಾಂತಿ ಮರ್ತೇಹೋಗ್ತಿತ್ತು. ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಬೇರೆ ಉತ್ತರ ಬರೆಯೋಕೆ ಮನ್ಸು ಬರಲ್ಲ.”

ಕೊಡೆ ಗಂಡಸು. ವ್ಯಾನಿನ ಹುಡುಗ. ಕ್ರಿಕೆಟ್ಟು, ಬೆಕ್ಕು, ಎಲ್ಲ ಸರಿಹೋಯಿತು. ಐವತ್ತೆರಡು ಎಂದು ಹೇಳಿ ನಗೆಪಾಟಲಾದವಳು ಅದನ್ನೇ ಮತ್ತೆ ನಾಲ್ಕು ಜನರ ಮುಂದೆ ಬರೆಯುತ್ತಾಳೆಂದು ನಾನು ಹೇಗೆ ನಂಬಿದೆ? ಅವಳು ನನ್ನ ಹಾಗೆಯೇ ‘ಗೊತ್ತಿಲ್ಲ’ ಬರೆದು ಕೂತಿದ್ದಳು, ವಾರ ವಾರವೂ, ನನ್ನ ಪಕ್ಕದಲ್ಲೇ. ನಾನು ಅವಳನ್ನು ಜಿಪುಣ ಲೆಕ್ಕಿಗ ಎಂದು ಬೈದುಕೊಂಡಿದ್ದೆ.

ಕಪ್ಪೆ ಕೇಳಿದ, “ಮೂರನೇ ಮಹಡಿಗೆ ಸೊನ್ನೆ ತಾನೆ?”

“ಒಂದು” ಎಂದು ಬರೆದೆ.

ದೊಡ್ಡ ಗಲಾಟೆಯಾಯಿತು. ನ್ಯಾಯ ಕೇಳಿದರು. ಪ್ರಶ್ನೆ ನನ್ನದು, ಉತ್ತರವೂ ನನ್ನದು ಎಂದು ಹೇಳಿ ಮುಗಿಸಿದೆ.


ಜುಲೈ ೨೧, ಸೋಮವಾರ

ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅವಳಿಂದ ನನಗೊಬ್ಬನಿಗೇ ಸಂದೇಶ ಬಂತು.

“ಅಣ್ಣಾ, ಅಪ್ಪ ಈಗ್ಲೂ ಹೇಳ್ತಾನಾ?”

ಕೈಗೆ ಹತ್ತಿದ್ದ ಮೇಣವನ್ನೂ ಒರೆಸಿಕೊಳ್ಳದೆ ಬರೆದೆ. “ಇಲ್ಲ ಗುಬ್ಬೀ. ನೀನು ಹೋದಾಗಿಂದ ಬರೀ ಗೊತ್ತಿಲ್ಲ ಅಂತಾನೆ. ಈಗಂತೂ ನಿಜ್ವಾಗ್ಲೂ ಗೊತ್ತಿಲ್ಲ. ಎಲ್ಲಾ ಮರ್ತುಹೋಗಿದೆ.”

“ನಾನೂ?”

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. “ನೀನೂ” ಎಂದೆ. ನನ್ನ ನಂಬರನ್ನೂ ಹಾಕಿದೆ.

ಆಮೇಲೆ ಏನೂ ಬರಲಿಲ್ಲ.


ಜುಲೈ ೨೩, ಬುಧವಾರ

ಇವತ್ತೂ ಇಲ್ಲ. ಫೋನನ್ನು ಪ್ಲಾಸ್ಟರಿನ ಚೀಲದ ಮೇಲೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದೇನೆ. ಅಚ್ಚಿನ ಹುಡುಗಿ, “ಅಣ್ಣಾ, ಅದನ್ನೂ ಅಚ್ಚು ಹಾಕ್ಲಾ?” ಎಂದಳು.

ನಿಜ ಹೇಳಿ ಕೆಡಿಸಿಕೊಂಡೆನೇನೋ.


ಜುಲೈ ೨೪, ಗುರುವಾರ

ಸಂಜೆ ಬೀಗ ತೆಗೆಯುತ್ತಿದ್ದಾಗ ಫೋನು ಬಡಿದುಕೊಂಡಿತು.

“ಅಣ್ಣಾ” ಎಂದಳು. ದನಿ ಹೀಗಿತ್ತು. ಸ್ವಲ್ಪ ಒರಟು, ಮಾತಿನ ಕೊನೆಯಲ್ಲಿ ಏರುತ್ತದೆ. ಇಷ್ಟು ಸುಲಭದ್ದನ್ನು ಹೇಗೆ ಮರೆತಿದ್ದೆನೋ. ನಾನು ಬಾಯಿ ತೆರೆಯುವ ಮೊದಲೇ, “ಅಷ್ಟು ಜನ್ರ ಮುಂದೆ ಸುಳ್ಳು ಮಾರ್ಕು ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ?” ಎಂದಳು. ಆಮೇಲೆ ಇಬ್ಬರಿಗೂ ನಗು ಬಂತು, ಬಾಗಿಲು ತೆರೆದುಕೊಂಡಂತಾಯಿತು.

ಆಸ್ಪತ್ರೆಯೊಂದರ ಮೂರನೇ ಮಹಡಿ, ಮಕ್ಕಳ ವಾರ್ಡಿನಲ್ಲಿ ಕೆಲಸವಂತೆ. “ಸೂಜಿ ಚುಚ್ಚೋವಾಗ ಅವು ಏನೇನೋ ಕೇಳ್ತಾವಣ್ಣ. ಗೊತ್ತಿಲ್ಲ ಅಂದ್ರೆ ಜೋರಾಗಿ ಅಳ್ತಾವೆ. ಏನ್ ಮಾಡ್ಲಿ. ಜಿರಾಫೆ ಕತ್ತಿನ ಮೂಳೆ ಎಣ್ಸೋಕೆ ಶುರು ಮಾಡ್ತೀನಿ. ಹನ್ನೆರಡು ಹದಿಮೂರು ಅನ್ನೋಷ್ಟ್ರಲ್ಲಿ ಸೂಜಿ ಮುಗ್ದಿರತ್ತೆ.” ಆಮೇಲೆ ಹೇಳಿದಳು: “ಎಷ್ಟೋ ವರ್ಷದಿಂದ ಹೇಳ್ತಾ ಇದೀನಿ. ಅಪ್ಪಂಗೆ ಅದನ್ನ ಹೇಳೋಕೆ ಮಾತ್ರ ಬಾಯಿ ಬರ್ಲಿಲ್ಲ.”

ಒಳಗೆ ಹೋಗಿ ಸ್ಪೀಕರ್ ಹಾಕಿ ಫೋನನ್ನು ಅಪ್ಪನ ಮುಂದೆ ಹಿಡಿದೆ. ಅವಳ ಉಸಿರು ನನಗೂ ಕೇಳುತ್ತಿತ್ತು.

“ಅಪ್ಪಾ.”

“ಯಾರು?” ಎಂದು ಅಪ್ಪ ನನ್ನನ್ನು ಕೇಳಿದ. ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ.

“ಅಪ್ಪಾ, ಹಾಲಿಗೆ ಕೆನೆ ಯಾಕೆ ಕಟ್ಟತ್ತೆ?”

“ಗೊತ್ತಿಲ್ಲ” ಎಂದ ಅಪ್ಪ.

“ನಂಗೊತ್ತು. ಹೇಳ್ಲಾ?”

“ಹೇಳು.”

“ಹಾಲಿಗೆ ಚಳಿ ಆಗತ್ತೆ. ಅದಕ್ಕೆ ಹೊದ್ಕೊಳತ್ತೆ.”

ಅಪ್ಪ ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದ. ವ್ಯಾನಿನ ಹಿಂದಿನ ಸೀಟಿನಲ್ಲಿ ಮಕ್ಕಳು ಹಾಗೇ ಯೋಚಿಸುತ್ತಿದ್ದವು. ನಿಧಾನವಾಗಿ ಮುಖ ಬಿಚ್ಚಿಕೊಂಡಿತು. “ಹೌದಲ್ಲಾ” ಎಂದ. ಆಮೇಲೆ ಫೋನಿನ ಹತ್ತಿರಕ್ಕೆ ಬಾಗಿ ಕೇಳಿದ:

“ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ?”

ಕಟ್ಟಾಯಿತೇನೋ ಎಂದು ನೋಡಿದೆ, ಇಲ್ಲ.

“ನಮ್ಮಪ್ಪ” ಎಂದಳು.

ಅಪ್ಪ ನಗಲಿಲ್ಲ. “ತಿಳ್ಕೊಂಡಿರೋ ಮನುಷ್ಯ” ಎಂದು ಹೇಳಿ ಹಿಂದಕ್ಕೆ ಒರಗಿದ.

ಅವಳು ಅಳುತ್ತಿದ್ದಳು. ಮತ್ತೆ ಮಾಡ್ತೀನಿ ಅಣ್ಣಾ ಎಂದಷ್ಟೇ ಹೇಳಿ ಇಟ್ಟಳು. ನಾನು ಒಲೆಯ ಮೇಲೆ ಹಾಲಿಟ್ಟು ಅದರ ಮುಂದೆ ಸುಮ್ಮನೆ ನಿಂತೆ. ಅದು ಉಕ್ಕಿ ಚೆಲ್ಲಿದ ಮೇಲೆಯೇ ಎಚ್ಚರವಾದದ್ದು. ಉಳಿದದ್ದನ್ನು ಲೋಟಕ್ಕೆ ಹಾಕಿ ತಂದು ಕೊಟ್ಟೆ.

“ಆ ಹುಡುಗಿ ಬರ್ತಾಳಾ?” ಎಂದು ಅಪ್ಪ ಕೇಳಿದ.

“ಬರ್ತಾಳೆ. ಭಾನುವಾರ. ಕೆಳಗೆ ಸಿಗ್ನಲ್ ಹತ್ರ ಇಳೀತಾಳೆ, ಇಲ್ಲಿಂದ್ಲೇ ಕಾಣತ್ತೆ ನಿಂಗೆ.”

ಹಾಗೆಂದು ಅವಳು ಹೇಳಿರಲಿಲ್ಲ. ಅಪ್ಪ ಕುರ್ಚಿಯನ್ನು ಇನ್ನಷ್ಟು ಕಿಟಕಿಯ ಕಡೆ ಎಳೆಯಲು ಹೇಳಿದ, ಎಳೆದೆ. ಕೆಳಗೆ ಒಂದು ಬಸ್ಸು ಬಂದು ನಿಧಾನವಾಯಿತು. ಅಪ್ಪನ ಬಲಗಾಲು ಮೆಲ್ಲಗೆ ನೆಲ ಒತ್ತಿತು, ಒತ್ತಿಕೊಂಡೇ ಇತ್ತು, ಇಳಿಯುವವರೆಲ್ಲ ಇಳಿಯುವ ತನಕ.